ಪ್ಲೇಗಮ್ಮನ ಸಾಕ್ಷಿ

ಅರವತ್ತನಾಲ್ಕು ವರ್ಷದ ಮುದುಕಿಯನ್ನು ಇಡೀ ಊರು "ಮಗು" ಎಂದು ಕರೆಯುವುದನ್ನು ಮೊದಲ ಸಲ ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ. ನಕ್ಕಿದ್ದಕ್ಕೆ ಬೈಸಿಕೊಂಡೆ ಕೂಡ. ಬೈದವನು ಗುಡಿಯ ಪೂಜಾರಿ ಚಿಕ್ಕಬೈರಪ್ಪ.

"ನಗಬ್ಯಾಡಿ ಟೀಚರಮ್ಮ. ಆಕೆ ನಮ್ಮ ಪ್ಲೇಗಮ್ಮ ಸಾಕಿದ್ ಮಗು. ಈ ಊರಾಗೆ ದೇವ್ರ ಕೈತುತ್ತು ತಿಂದೋರು ಅಂತಿದ್ರೆ ಅವರೊಬ್ರೇಯ" ಎಂದ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು.

ಇದು ಐವತ್ತೆಂಟನೆಯ ಇಸವಿಯ ಮಾತು. ಯಲಹಂಕದಿಂದ ಬಾಗಲೂರಿನ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸು ಇಳಿದು ಒಂದೂವರೆ ಮೈಲಿ ನಡೆದರೆ ಆ ಊರು. ಹೆಸರು ಹೇಳುವುದಿಲ್ಲ. ಅಲ್ಲಿಯವರಿಗೆ ಹೇಗೂ ತಿಳಿಯುತ್ತದೆ, ಉಳಿದವರಿಗೆ ಯಾಕೆ ಬೇಕು? ಆಗ ನನಗೆ ಇಪ್ಪತ್ತನಾಲ್ಕು. ಮಲ್ಲೇಶ್ವರದ ವಠಾರದಲ್ಲಿ ಬೆಳೆದ ಹುಡುಗಿ, ಮೂಗಿನ ತುದಿಯಲ್ಲೇ ಕೋಪ. "ತುಂಗಾ, ನಿನ್ನ ಬಾಯಿಗೆ ವರ ಅಂತೂ ಸಿಗಲ್ಲ, ಕೆಲಸವಾದ್ರೂ ಸಿಗಲಿ" ಎಂದು ನಮ್ಮಮ್ಮ ಹರಸಿದ್ದಕ್ಕೋ ಏನೋ, ಆ ಊರಿನ ಪ್ರೈಮರಿ ಶಾಲೆಗೆ ಆರ್ಡರು ಬಂತು. ಶಾಲೆ ಎಂದರೆ ಚಾವಡಿಗೆ ಅಂಟಿಕೊಂಡ ಎರಡು ಕೋಣೆ. ಉಳಿದುಕೊಳ್ಳಲು ಊರಿನವರು ತೋರಿಸಿದ್ದು ಮುನಿವೆಂಕಟಮ್ಮನ ಮನೆಯ ಜಗಲಿ ಪಕ್ಕದ ಕೋಣೆ. ಊರಿನವರ ಆ "ಮಗು" ಈಕೆಯೇ.

ಉದ್ದನೆಯ ಒಣಕಲು ಮೈ, ಬೆಳ್ಳಗಾದ ಹುಬ್ಬು. ಬೆಳಗಿನ ಹೊತ್ತು ಕೆರೆಯ ಕಡೆಯಿಂದ ಮಂಜು ಬಂದು ಬೀದಿಯನ್ನೆಲ್ಲ ಮುಚ್ಚಿಬಿಟ್ಟಾಗ ಅವಳು ಜಗಲಿಯ ಕಂಬಕ್ಕೆ ಒರಗಿ, ಕಣ್ಣು ಅರೆ ಮುಚ್ಚಿ ಕೂತಿರುತ್ತಿದ್ದಳು. ಎದುರು ಮನೆ ಕಾಣುತ್ತಿರಲಿಲ್ಲ, ಎದುರು ಮನೆಯ ಎಮ್ಮೆಯ ಕುತ್ತಿಗೆ ಗಂಟೆ ಮಾತ್ರ ಕೇಳುತ್ತಿತ್ತು. ಅಂಥ ಹೊತ್ತಿನಲ್ಲಿ ಮಾತಾಡಿಸಿದರೆ ಎಲ್ಲೋ ದೂರ ಹೋಗಿದ್ದವಳು ತಿರುಗಿ ಬಂದ ಹಾಗೆ "ಆಂ?" ಎನ್ನುತ್ತಿದ್ದಳು. ಎರಡು ಸಲ ಕೇಳಿದರೆ ಒಂದು ಉತ್ತರ. ನನಗೆ ಉರಿದುಹೋಗುತ್ತಿತ್ತು. ಆದರೆ ಆ ಮುಖ ನೋಡಿದರೆ ಗದರಿಸಲು ಮನಸ್ಸಾಗುತ್ತಿರಲಿಲ್ಲ.

ಅವಳ ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆದರೂ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ, ಹಣೆಯಲ್ಲಿ ಕಾಸಗಲ ಕುಂಕುಮ. ಅಮ್ಮ ಸಾಕಿದ ಮಗುವಿಗೆ ವಿಧವೆಯ ಶಾಸ್ತ್ರ ಇಲ್ಲ ಎಂದು ಊರೇ ತೀರ್ಮಾನ ಮಾಡಿತ್ತು. ಮದುವೆ ಮನೆಯಲ್ಲಿ ಮೊದಲ ಅರಿಶಿನ ಅವಳ ಕೈಯಿಂದ. ಹಸುಗೂಸಿನ ಹಣೆಗೆ ಮೊದಲ ಬೊಟ್ಟು ಅವಳ ಬೆರಳಿನಿಂದ. ತಲೆ ಬೋಳಿಸಿಕೊಂಡು, ಕೆಂಪು ಸೀರೆ ಸುತ್ತಿಕೊಂಡು ಅಡುಗೆಮನೆಯ ಮೂಲೆ ಸೇರಿದ್ದ ನಮ್ಮ ಸೋದರತ್ತೆಯನ್ನು ನೋಡುತ್ತ ಬೆಳೆದವಳು ನಾನು. ಮುನಿವೆಂಕಟಮ್ಮನ ಬಳೆ ಸದ್ದು ಕೇಳಿದರೆ ನನಗೆ ಜೀವಕ್ಕೆ ಹಾಯೆನಿಸುತ್ತಿತ್ತು.

ಅವಳ ಕಥೆ ಊರಿನಲ್ಲಿ ಎಲ್ಲರಿಗೂ ಬಾಯಿಪಾಠ. ಅರವತ್ತು ವರ್ಷದ ಹಿಂದೆ ಬೆಂಗಳೂರಿಗೆ ಪ್ಲೇಗು ಬಂದಾಗ ಅಲ್ಲಿಗೂ ಬಂತು. ಅಟ್ಟದಿಂದ ಇಲಿಗಳು ಉದುರಿದವು. ಜನ ಮನೆಗಳ ಹೆಂಚು ಇಳಿಸಿ, ಒಳಗೆಲ್ಲ ಬಿಸಿಲು ಬೀಳಲಿ ಎಂದು ತೆರೆದು ಬಿಟ್ಟು, ದೂರದ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮುನಿವೆಂಕಟಮ್ಮನಿಗೆ ಆಗ ನಾಲ್ಕು ವರ್ಷ. ಅಪ್ಪ, ಅವ್ವ ಒಂದೇ ವಾರದಲ್ಲಿ ಹೋಗಿದ್ದರು. ಗಾಡಿ ಕಟ್ಟುವ ಗಡಿಬಿಡಿಯಲ್ಲಿ ಮಗು ಅಜ್ಜಿಯ ಗಾಡಿಯಲ್ಲಿದೆ ಎಂದು ಚಿಕ್ಕಪ್ಪ ತಿಳಿದ, ಚಿಕ್ಕಪ್ಪನ ಗಾಡಿಯಲ್ಲಿದೆ ಎಂದು ಅಜ್ಜಿ ತಿಳಿದಳು. ಮಗು ರಾಗಿ ತುಂಬಿಡುವ ದೊಡ್ಡ ವಾಡೆಯ ಹಿಂದೆ ನಿದ್ದೆ ಹೋಗಿತ್ತು. ಅಜ್ಜಿ ಗುಡಿಸಲು ಸೇರಿದ ದಿನವೇ ಜ್ವರ ಬಂದು ಮಲಗಿದವಳು ಏಳಲಿಲ್ಲ. ಮಗುವೂ ಅವಳ ಜೊತೆಗೇ ಮಣ್ಣಾಯಿತೆಂದು ಚಿಕ್ಕಪ್ಪ ಅತ್ತು ಸುಮ್ಮನಾದ. ಒಂಬತ್ತನೆಯ ದಿನ ಹಗೇವಿನಲ್ಲಿ ಹೂತಿಟ್ಟಿದ್ದ ರಾಗಿ ತೆಗೆಯಲು ಊರಿಗೆ ಬಂದು ನೋಡುತ್ತಾನೆ, ಬೇವಿನ ಮರದ ಬುಡದ ಮಾರಮ್ಮನ ಕಲ್ಲಿನ ಮುಂದೆ ಮಗು ಕೂತಿದೆ. ತಲೆ ಬಾಚಿದೆ, ಹೊಟ್ಟೆ ತುಂಬಿದೆ. "ಯಾರವ್ವಾ ನಿನ್ನ ಸಾಕಿದ್ದು?" ಎಂದರೆ ಮಗು ಕೈ ಚಾಚಿ ಕಲ್ಲನ್ನು ತೋರಿಸಿತು. ಚಿಕ್ಕಪ್ಪ ಅಲ್ಲೇ ಅಡ್ಡಬಿದ್ದ. ಅವತ್ತಿನಿಂದ ಆ ಕಲ್ಲು ಪ್ಲೇಗಮ್ಮ, ಈ ಮಗು ಅಮ್ಮನ ಮಗು.

ಈ ಗುಡಿಗೆ ಒಂದು ವಿಚಿತ್ರ ಪದ್ಧತಿ ಇತ್ತು. ಯುಗಾದಿ ಕಳೆದ ಮೊದಲ ಮಂಗಳವಾರ ದೀಪ ಹಚ್ಚುವ ಹೊತ್ತಿಗೆ ಹೆಂಗಸರು ತಂಬಿಟ್ಟಿನ ದೀಪಗಳನ್ನು ತಟ್ಟೆಯಲ್ಲಿ ಹೊತ್ತು ಬರುತ್ತಾರೆ. ಪೂಜಾರಿ ಕಥೆಯನ್ನು ಮೊದಲಿಂದ ಹೇಳುತ್ತಾನೆ. ಹೇಳಿ ಮುಗಿಸಿ ಮೂರು ಸಲ ಕೇಳುತ್ತಾನೆ, "ಒಂಬತ್ತು ದಿನ ನಿನ್ನ ಸಾಕಿದ್ದು ಯಾರು ತಾಯೀ?" ಮುನಿವೆಂಕಟಮ್ಮ ಮೂರು ಸಲವೂ ಕೈ ಚಾಚಿ ಕಲ್ಲು ತೋರಿಸಿ "ಈಕೆ" ಅನ್ನಬೇಕು. ಇದಕ್ಕೆ ಸಾಕ್ಷಿ ಎಂದು ಹೆಸರು. ಸಾಕ್ಷಿ ಆಗದೆ ಒಬ್ಬರೂ ತಲೆಯ ಮೇಲಿನ ದೀಪ ಇಳಿಸುವಂತಿಲ್ಲ. ದೇವರೇ ವರ್ಷಕ್ಕೊಮ್ಮೆ ಒಬ್ಬ ಮುದುಕಿಯ ಬಾಯಿ ನೋಡುತ್ತ ನಿಲ್ಲುವ ಇಂಥ ಗುಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಹೋದ ವರ್ಷ ಗುಡಿಗೆ ಕಲ್ಲಿನ ಕಟ್ಟಡ ಎಬ್ಬಿಸುವ ಮಾತು ನಡೆದಿತ್ತು. ಊರಿನ ಯಜಮಾನ ಲಕ್ಕಣ್ಣ, ಅದೇ ಚಿಕ್ಕಪ್ಪನ ಮಗ, ಮುನಿವೆಂಕಟಮ್ಮನಿಗೆ ತಮ್ಮನಾಗಬೇಕು. ಒಂದು ದಿನ ಶಾಲೆಗೇ ಬಂದ.

"ಟೀಚರಮ್ಮ, ನಮ್ ಅಮ್ಮನ್ ಕತೆ ಒಂದ್ ಪುಸ್ತಕ ಬರ್ಕೊಡಿ. ಪ್ಯಾಟೇಲಿ ಅಚ್ಚಾಕಿಸ್ತೀನಿ. ದೊಡ್ಡ ದೊಡ್ಡ ದ್ಯಾವಸ್ತಾನಕ್ಕೆಲ್ಲ ಸ್ಥಳಪುರಾಣ ಐತೆ, ನಮ್ಮವ್ವಂಗೇನ್ ಕಮ್ಮಿ?"

ನನಗೆ ಸ್ವರ್ಗಕ್ಕೆ ಮೂರೇ ಗೇಣು. ಹದಿನೈದು ದಿನ ಕೂತು ಬರೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. "ಕರುಣಾಸಾಗರಿ", "ಭಕ್ತವತ್ಸಲೆ", "ಶಿಲೆಯ ಹೃದಯವು ಕರಗಿ ನೀರಾಯಿತು". ಇದ್ದಬದ್ದ ಸಂಸ್ಕೃತವನ್ನೆಲ್ಲ ಆ ಪಾಪದ ಕಲ್ಲಿನ ಮೇಲೆ ಸುರಿದೆ. ಚೆನ್ನಾಗಿ ನಕಲು ಮಾಡಿದ ಪ್ರತಿಯನ್ನು ಲಕ್ಕಣ್ಣನ ಕೈಗೆ ಕೊಟ್ಟೆ. "ಮಂಗಳವಾರ ಸಾಕ್ಷಿ ಆಗ್ಲಿ, ಬುಧವಾರ ಬೆಳಗ್ಗೆ ಪ್ಯಾಟೆಗೆ ತಗೊಂಡೋಯ್ತೀನಿ" ಎಂದ.

ಬರೆಯುತ್ತಿದ್ದ ದಿನಗಳಲ್ಲೇ ಸೊಣ್ಣಮ್ಮನ ಪರಿಚಯವಾದದ್ದು. ಊರಾಚೆಯ ಕೇರಿಯವಳು. ನನ್ನ ಕೋಣೆಯ ಕಿಟಕಿಗೆ ಹಿತ್ತಲು ಕಾಣುತ್ತಿತ್ತು, ಬೇಲಿಯ ಆಚೆ ನಿಂತು ಅವಳು ದಿನಾ ಬೆರಣಿ ಇಟ್ಟುಹೋಗುತ್ತಿದ್ದಳು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು, ಬಾಯಿ ನನಗಿಂತ ಜೋರು. ಯಾರೂ ಯಾರನ್ನೂ ದೂರ ನಿಲ್ಲಿಸಬಾರದೆಂದು ಕಾನೂನು ಬಂದು ಮೂರು ವರ್ಷವಾಗಿತ್ತು. ಆ ಕಾನೂನು ಯಲಹಂಕದವರೆಗೆ ಬಸ್ಸಿನಲ್ಲಿ ಬಂದು ಅಲ್ಲೇ ಇಳಿದುಬಿಟ್ಟಿತ್ತೋ ಏನೋ, ಸೊಣ್ಣಮ್ಮ ಮಾತ್ರ ಬೇಲಿ ದಾಟುತ್ತಿರಲಿಲ್ಲ. ಒಂದು ದಿನ ನಾನೇ ಕರೆದೆ, "ಬಾ ಸೊಣ್ಣಮ್ಮ, ಪ್ಲೇಗಮ್ಮನ ಕಥೆ ಓದ್ತೀನಿ, ಕೇಳು."

"ಆ ವರ್ಸದ ಕತೆ ನಮಗ್ಯಾಕವ್ವಾ?" ಎಂದಳು. "ಆ ವರ್ಸ್ವೇ ನಮ್ಮವ್ವ ಆರ್ ತಿಂಗಳ ಕೂಸು ನನ್ನ ಬಿಟ್ಟು ಓಡೋದ್ಲು. ರೋಗಕ್ಕೆ ಎದ್ರಿ ಓದ್ಲೋ, ಯಾವನ್ನ ಕಟ್ಕೊಂಡ್ ಓದ್ಲೋ. ಇವತ್ತಿಗೂ ಬಾವಿ ತಾವ ಜಗಳ ಬಂದ್ರೆ 'ಓಡೋದೋಳ ಮಗಳೇ' ಅಂತಲೇ ಬಯ್ಯೋದು. ನನ್ ಮಗಳ ಮದುವೆ ಅದೇ ಮಾತಿಗೆ ಎರಡ್ ಸಲ ಮುರೀತು. ಪಿಳ್ಳಮ್ಮನ ಮೊಮ್ಮಗಳು ಬ್ಯಾಡ ಅಂದ್ರು."

ಪಾಪ ಅನ್ನಿಸಿತು. ಒಳಗೆ ರಾಗಿ ಕೇರುತ್ತಿದ್ದ ಮುನಿವೆಂಕಟಮ್ಮನ ಮೊರದ ಸದ್ದು ನಿಂತದ್ದು ನನ್ನ ಕಿವಿಗೆ ಬಿದ್ದಿತ್ತು, ಅದಕ್ಕೆ ಅರ್ಥ ಹಚ್ಚುವಷ್ಟು ಬುದ್ಧಿ ನನಗೆ ಇರಲಿಲ್ಲ.

ಸಾಕ್ಷಿಗೆ ನಾಲ್ಕು ದಿನ ಇರುವಾಗ, ಒಂದು ಮುಂಜಾನೆ, ನನ್ನ ಕರಡು ಹಾಳೆಗಳನ್ನು ಹಿಡಿದುಕೊಂಡು ಜಗಲಿಗೆ ಬಂದೆ. ಬೇಸಿಗೆ ಕಾಲಿಟ್ಟಿದ್ದರೂ ಅವತ್ತು ಮಂಜು ದಟ್ಟವಾಗಿತ್ತು. ಮುನಿವೆಂಕಟಮ್ಮನಿಗೆ ಪೂರ್ತಿ ಓದಿ ಹೇಳಿದೆ. ಮೆಚ್ಚಿಕೊಳ್ಳುತ್ತಾಳೆ ಎಂದು ಕಾದೆ. ಅವಳು ಹಾಳೆಗಳ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದು ಅಚ್ಚಾದ್ರೆ, ಆಮ್ಯಾಲೆ ಅಳಿಸಕ್ಕಾಗಲ್ವಾ ಮಗಾ?"

"ಅಚ್ಚಾದದ್ದನ್ನ ಯಾರು ಅಳಿಸ್ತಾರೆ ಅಜ್ಜಿ? ನಾವಿಬ್ರೂ ಸತ್ತ ಮೇಲೂ ಇರತ್ತೆ" ಎಂದೆ, ಜಂಬದಿಂದ.

"ಅಂಗಾದ್ರೆ ಬ್ಯಾಡ. ಬಾಯಲ್ಲಿ ಆಡೋ ಸುಳ್ಳು ನಾನ್ ಸತ್ರೆ ಸಾಯ್ತೈತೆ. ಇದು ಸಾಯಕಿಲ್ಲ." ಕಣ್ಣು ಪೂರ್ತಿ ತೆರೆದು ನನ್ನನ್ನು ನೋಡಿದಳು. "ನನ್ನ ಸಾಕಿದ್ದು ಆ ಕಲ್ಲಲ್ಲ. ಕೇರಿ ಪಿಳ್ಳಮ್ಮ. ನಮ್ಮ ಸೊಣ್ಣಮ್ಮನ ಅವ್ವ."

ಹಾಳೆಗಳನ್ನು ಮಡಿಚಿ ತೊಡೆಯ ಕೆಳಗೆ ಇಟ್ಟುಕೊಂಡೆ.

ಮುಂದೆ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯಲಾರೆ. ಸಾಲಾಗಿ ಹೇಳಲಿಲ್ಲ. ನಡುವೆ ಮಂಜಿನೊಳಗೆ ಯಾರೋ ನಡೆದುಹೋದ ಹಾಗೆ ಅತ್ತ ನೋಡುತ್ತಿದ್ದಳು, ಮತ್ತೆ ಬೇರೆಲ್ಲಿಂದಲೋ ಶುರು ಮಾಡುತ್ತಿದ್ದಳು.

ಎಚ್ಚರವಾದಾಗ ಮನೆಯೊಳಗೆ ಆಕಾಶ ಇತ್ತಂತೆ. ಹೆಂಚು ತೆಗೆದದ್ದು ಮಗುವಿಗೆ ಏನು ಗೊತ್ತು? ಮನೆಯೇ ಮೇಲಕ್ಕೆ ಹೋಗಿ ಆಕಾಶದಲ್ಲಿ ನಿಂತಿದೆ ಅಂದುಕೊಂಡಳು. ಒಲೆಯ ಮೇಲೆ ಪಾರಿವಾಳ ಕೂತಿತ್ತು. ಒಂದು ಕರು ನಡುಮನೆಗೆ ಬಂದು, ನೋಡಿ, ಹೋಯಿತು. "ಅವ್ವಾ" ಎಂದು ಕೂಗಿದರೆ ಬರಿಯ ಗೋಡೆ ಕೂಗಿತು. ಎಷ್ಟು ಹೊತ್ತು ಹಾಗಿದ್ದಳೋ, ಬಾಗಿಲಲ್ಲಿ ಒಂದು ನೆರಳು ಬಂತು. ತಪ್ಪಿಸಿಕೊಂಡ ಮೇಕೆ ಹುಡುಕುತ್ತ ಬಂದ ಪಿಳ್ಳಮ್ಮ. ಅಳು ಕೇಳಿ ಬಂದವಳು ಹೊಸ್ತಿಲ ಆಚೆಯೇ ನಿಂತಳು. ಊರಲ್ಲಿ ಒಂದು ನರಪಿಳ್ಳೆ ಇಲ್ಲ, ಆದರೂ ಆ ಹೊಸ್ತಿಲು ದಾಟಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ರೋಗ ಬಂದ ಮನೆಯ ಮಗುವನ್ನು ತನ್ನ ಗುಡಿಸಲಿಗೆ ಒಯ್ಯುವ ಹಾಗಿಲ್ಲ, ಅಲ್ಲಿ ಆರು ತಿಂಗಳ ಕೂಸು ಅತ್ತೆಯ ಬಳಿ ಇದೆ. ಬಿಟ್ಟು ಹೋಗುವ ಹಾಗೂ ಇಲ್ಲ. ಪಿಳ್ಳಮ್ಮ ಉಳಿದಳು. ಇವತ್ತು ಯಾರಾದರೂ ಬಂದಾರು, ನಾಳೆ ಬಂದಾರು ಎಂದು ಒಂಬತ್ತು ದಿನ ಉಳಿದಳು.

"ಯಾರೂ ಇಲ್ದಿರೋ ಊರು ಎಷ್ಟ್ ಚೆಂದಾಗಿತ್ತು ಗೊತ್ತಾ?" ಎಂದಳು ಮುನಿವೆಂಕಟಮ್ಮ. ಹೇಳುವಾಗ ನಾಲ್ಕು ವರ್ಷದ ಮಗುವಿನ ನಗೆ ಅವಳ ತುಟಿಯಲ್ಲಿತ್ತು. ಎಲ್ಲ ಮನೆಯ ಬಾಗಿಲೂ ತೆರೆದಿತ್ತು, ಎಲ್ಲ ಮನೆಯೊಳಗೂ ಬಿಸಿಲಿತ್ತು. ಪಿಳ್ಳಮ್ಮ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬೀದಿಯ ನಟ್ಟನಡುವೆ ನಡೆದಳು. ಒಂದೊಂದೇ ಮನೆಯ ಮುಂದೆ ನಿಂತು "ಯಾರವ್ವಾ ಮನೇಲಿ?" ಎಂದು ದೊಡ್ಡ ದನಿಯಲ್ಲಿ ಕೂಗುತ್ತಿದ್ದಳು, ಉತ್ತರ ಬಾರದೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಊರ ಬಾವಿಗೆ ತಾನೇ ಕೊಡ ಇಳಿಸಿದಳು. ಮೊದಲ ಸಲ ನೀರು ಸೇದಿದಾಗ ನಾಲ್ಕೂ ಕಡೆ ತಿರುಗಿ ನೋಡಿದ್ದಳು, ಮೂರನೆಯ ದಿನ ಹಾಡಿಕೊಂಡು ಸೇದುತ್ತಿದ್ದಳು. ಚಾವಡಿಯ ಕಟ್ಟೆಯ ಮೇಲೆ, ಪಟೇಲರು ಕೂರುವ ಜಾಗದಲ್ಲಿ, ಕಾಲು ಚಾಚಿ ಕೂತು ಮಗುವಿನ ತಲೆ ಬಾಚಿದಳು. ರಾಗಿ ಅಂಬಲಿ ಕಾಸಿದಳು. ಮಗು ಅಂಬಲಿ ಒಲ್ಲದೆ ಹಟ ಮಾಡಿದಾಗ, ಹಾಲು ಕಟ್ಟಿ ತನ್ನ ಎದೆ ನೋಯುತ್ತಿದ್ದಾಗ, ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು.

"ಆಲು ಕುಡ್ದಿದ್ದೀನಿ ಮಗಾ. ನಾಕ್ ವರ್ಸದ ಕತ್ತೆ, ಒಟ್ಟೆ ತುಂಬ ಕುಡ್ದಿದ್ದೀನಿ. ಕುಡೀವಾಗ ಆಕೆ ಅಳೋಳು. ನನ್ ನೋಡಿ ಅಳೋಳಲ್ಲ. ಗುಡಿಸಲು ಇದ್ದ ದಿಕ್ಕು ನೋಡ್ಕೊಂಡು ಅಳೋಳು."

ಒಂಬತ್ತನೆಯ ದಿನ ಪಿಳ್ಳಮ್ಮ ತನ್ನ ಕಂಕುಳಲ್ಲಿ ಎದ್ದಿದ್ದ ಗಂಟನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಮಗುವನ್ನು ಸೊಂಟಕ್ಕೆ ಏರಿಸಲಿಲ್ಲ. ಮುಂದೆ ಮುಂದೆ ನಡೆಸಿಕೊಂಡು ಹೋಗಿ ಬೇವಿನ ಮರದ ನೆರಳಲ್ಲಿ, ಮಾರಮ್ಮನ ಕಲ್ಲಿನ ಮುಂದೆ ಕೂರಿಸಿದಳು. "ಇಲ್ಲೇ ಕೂತಿರವ್ವ. ನನ್ ಇಂದೆ ಬರಬ್ಯಾಡ. ನಿಮ್ಮೋರು ಬತ್ತಾರೆ" ಎಂದಳು. ಕಲ್ಲಿನ ಹಿಂದಿನಿಂದ ಕೆರೆಗೆ ಇಳಿಯುವ ದಾರಿ. ಆ ದಾರಿಯಲ್ಲಿ ಹೋದಳು, ತಿರುಗಿ ನೋಡಲಿಲ್ಲ. ಕೆರೆಯ ತೋಪಿನಲ್ಲಿ ಸತ್ತವರನ್ನು ಆಗ ಯಾರು ಗುರುತು ಹಿಡಿಯುತ್ತಿದ್ದರು? ಗುಂಡಿಗೆ ಎಳೆದು ಮಣ್ಣು ಮುಚ್ಚುತ್ತಿದ್ದರು, ಅಷ್ಟೆ.

ಅದೇ ಮಧ್ಯಾಹ್ನ ಚಿಕ್ಕಪ್ಪ ಬಂದ. ಯಾರು ಸಾಕಿದ್ದು ಎಂದು ಕೇಳಿದ. ಮಗು ಪಿಳ್ಳಮ್ಮ ಹೋದ ದಾರಿಗೆ ಕೈ ತೋರಿಸಿತು. ಕಲ್ಲು ಅಡ್ಡ ಇತ್ತು.

"ಅವನಿಗೂ ಕಲ್ಲೇ ಬೇಕಾಗಿತ್ತು ಅನ್ಸುತ್ತೆ ಕಣವ್ವಾ" ಎಂದಳು. "ಮಗು ಬಿಟ್ಟು ಓಡಿದ್ದೋನಿಗೆ ದೇವ್ರು ಸಾಕಿದ್ಲು ಅಂದ್ರೆ ಎಷ್ಟ್ ತಣ್ಣಗಾಗಿರಬ್ಯಾಡ."

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ನಾನು ಹಾಗೇ. "ಅರವತ್ತು ವರ್ಷ ಅಜ್ಜಿ! ಆ ಹೆಂಗಸು ದಿನಾ ನಿಮ್ಮ ಹಿತ್ತಲಿಗೆ ಬರ್ತಾಳೆ. ತಾಯಿ ಓಡಿಹೋದ್ಲು ಅಂತ ಬೈಸಿಕೊಂಡು ಬದುಕಿದಾಳೆ. ಮಗಳ ಮದುವೆ ಮುರೀತು. ನಿಮ್ಮ ಬಾಯಿಗೇನು ಬೀಗ ಹಾಕಿತ್ತಾ? ನಾಚಿಕೆ ಆಗಲಿಲ್ವಾ ನಿಮಗೆ?" ಎಂದು ಮಂಗಳಾರತಿ ಎತ್ತಿದೆ.

ಮುನಿವೆಂಕಟಮ್ಮ ತನ್ನ ಎಡಗೈ ಬಳೆಗಳನ್ನು ಮೇಲಕ್ಕೆ ಸರಿಸಿ ಮಣಿಕಟ್ಟು ತೋರಿಸಿದಳು. ಹಳೆಯ ಸುಟ್ಟ ಗಾಯದ ಗೆರೆ. "ಏಳ್ ವರ್ಸದೋಳಿದ್ದಾಗ ನಮ್ ಚಿಕ್ಕಮ್ಮಂಗೆ ಇದ್ನೆಲ್ಲ ಏಳ್ದೆ. ಸೌಟು ಕಾಯ್ಸಿ ಇಕ್ಕಿದ್ಲು. ಕೇರಿ ಆಲು ಕುಡ್ದೋಳ್ನ ಯಾವನ್ ಕಟ್ಕೊಂತಾನೆ ಅಂದ್ಲು. ಮೊದ್ಲು ಆ ಸೌಟಿಗೆ ಎದ್ರಿದೆ. ಆಮ್ಯಾಲೆ ಮದ್ವೆ ಮುರೀತೈತೆ ಅಂತ ಎದ್ರಿದೆ. ಗಂಡ ಸತ್ತ ಮ್ಯಾಲೆ ಈ ಬಳೆ ತೆಗೆಸ್ತಾರೆ ಅಂತ ಎದ್ರಿದೆ. ನಾಚ್ಕೆ ಆಗ್ತೈತವ್ವಾ. ಸೊಣ್ಣಮ್ಮ ಬೆರಣಿ ಇಕ್ಕೋಕೆ ಬಗ್ಗಿದಾಗೆಲ್ಲ ಆಗ್ತೈತೆ."

ನನಗೆ ನಮ್ಮ ಸೋದರತ್ತೆಯ ಬೋಳು ತಲೆ ಕಣ್ಣ ಮುಂದೆ ಬಂತು. ಹಾಗೆಂದು ಸಿಟ್ಟೂ ಇಳಿಯಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬಾಯಿ ಬಿಡುತ್ತಿದ್ದೆನೇ ಎಂದು ರಾತ್ರಿಯೆಲ್ಲ ನನ್ನನ್ನೇ ಕೇಳಿಕೊಂಡೆ, ಧೈರ್ಯವಾಗಿ ಹೌದು ಅನ್ನಲಾಗಲಿಲ್ಲ. ಬೆಳಗ್ಗೆ ಲಕ್ಕಣ್ಣನ ಮನೆಗೆ ಹೋಗಿ ನನ್ನ ಹಾಳೆಗಳನ್ನು ವಾಪಸು ಕೇಳಿದೆ. "ಯಾಕೆ, ಏನ್ ತಪ್ಪೈತೆ?" ಎಂದ. ತಪ್ಪು ಯಾವುದು ಎಂದು ಹೇಳುವ ಹಕ್ಕು ನನ್ನದಲ್ಲ. ಬರಿಗೈಯಲ್ಲಿ ಬಂದೆ. ಮಂಗಳವಾರ ಅವಳು ಕಲ್ಲು ತೋರಿಸಿದರೆ ಬುಧವಾರ ಆ ಸುಳ್ಳು ಅಚ್ಚಿಗೆ ಹೋಗುತ್ತದೆ, ಪಿಳ್ಳಮ್ಮ ಎಂದೆಂದಿಗೂ ಓಡಿಹೋದವಳಾಗಿಯೇ ಉಳಿಯುತ್ತಾಳೆ. ತೋರಿಸದಿದ್ದರೆ ಈ ಮುದುಕಿಗೆ ಊರಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ಮುನಿವೆಂಕಟಮ್ಮ ಏನು ಮಾಡುತ್ತೇನೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಮೂರು ದಿನ ಅವಳಿಗೆ ರುಚಿಯಾಗಿ ಸಾರು ಮಾಡಿ ಬಡಿಸಿದ್ದು ಬಿಟ್ಟರೆ ನನ್ನಿಂದ ಏನೂ ಆಗಲಿಲ್ಲ.

ಮಂಗಳವಾರ ಸೂರ್ಯ ಮುಳುಗುತ್ತಿದ್ದ. ಬೇವಿನ ಹೂವಿನ ವಾಸನೆ, ಬೆಲ್ಲದ ತಂಬಿಟ್ಟಿನ ಮೇಲೆ ಉರಿಯುವ ತುಪ್ಪದ ವಾಸನೆ. ನಲವತ್ತು ಹೆಂಗಸರು ತಲೆಯ ಮೇಲೆ ದೀಪದ ತಟ್ಟೆ ಹೊತ್ತು ಸಾಲಾಗಿ ನಿಂತಿದ್ದರು. ಗಾಳಿ ಇರಲಿಲ್ಲ. ಆ ಬೆಳಕಿನಲ್ಲಿ ಜಗಳಗಂಟಿಯರ ಮುಖ ಕೂಡ ದೇವತೆಗಳ ಹಾಗೆ ಕಾಣುತ್ತಿತ್ತು. ಕೇರಿಯವರು ಎಂದಿನಂತೆ ಆಚೆ, ಹುಣಸೆ ಮರದ ಹತ್ತಿರ ನಿಂತಿದ್ದರು. ಸೊಣ್ಣಮ್ಮನೂ ಇದ್ದಳು.

ಚಿಕ್ಕಬೈರಪ್ಪ ಕಥೆ ಹೇಳಿದ. ಅವನು ಹೇಳುವುದು ನಿಜಕ್ಕೂ ಚೆಂದ. ನಿಜ ಗೊತ್ತಿದ್ದ ನನಗೂ ಒಂದು ಕ್ಷಣ ಆ ಕಲ್ಲು ಉಸಿರಾಡಿದ ಹಾಗೆ ಅನ್ನಿಸಿತು. ಕಥೆ ಮುಗಿಸಿ ಕೇಳಿದ.

"ಒಂಬತ್ತು ದಿನ ನಿನ್ನ ಸಾಕಿದ್ದು ಯಾರು ತಾಯೀ?"

ಮುನಿವೆಂಕಟಮ್ಮ ಸುಮ್ಮನೆ ಕೂತಿದ್ದಳು. ಮುದುಕಿಗೆ ಕೇಳಿಸಲಿಲ್ಲ ಎಂದು ಎಲ್ಲರೂ ತಿಳಿದರು. ಎರಡನೆಯ ಸಲ ಜೋರಾಗಿ ಕೇಳಿದ. ಇಲ್ಲ. ಹೆಂಗಸರ ತೋಳು ಸೋಲುತ್ತಿತ್ತು, ತುಪ್ಪ ತಟ್ಟೆಗೆ ಹರಿಯುತ್ತಿತ್ತು. ಲಕ್ಕಣ್ಣ ಕೆಮ್ಮಿ, "ಅಕ್ಕಾ, ಸಾಕ್ಷಿ ಏಳಕ್ಕ" ಎಂದ. ಚಿಕ್ಕಬೈರಪ್ಪ ಮೂರನೆಯ ಸಲ ಕೇಳಿದ.

ಅವಳು ಎದ್ದು ನಿಂತಳು.

"ಕೇರಿ ಪಿಳ್ಳಮ್ಮ" ಎಂದಳು. ಸಣ್ಣ ದನಿ, ಆದರೆ ಹುಣಸೆ ಮರದವರೆಗೂ ಕೇಳಿಸಿತು. "ಸೊಣ್ಣಮ್ಮನ ಅವ್ವ. ಆಕೆ ಓಡೋಗ್ಲಿಲ್ಲ. ನನ್ನ ಸಾಕಿ, ನಮ್ಮನೆ ರೋಗ ತಗೊಂಡು ಸತ್ಲು. ನಾನ್ ತೋರಿಸಿದ್ದು ಆಕೆ ಓದ ದಾರಿ. ನೀವು ಕಲ್ಲು ಅಂದ್ಕೊಂಡ್ರಿ. ನಾನೂ ಊಂ ಅಂದೆ."

"ಅಕ್ಕಂಗೆ ಅರಳುಮರಳು!" ಎಂದು ಲಕ್ಕಣ್ಣ ಕೂಗಿದ. "ಸಾಕ್ಷಿ ಆಯ್ತು, ದೀಪ ಇಳಿಸ್ರೀ!" ಯಾರೂ ಇಳಿಸಲಿಲ್ಲ. ಒಬ್ಬಳು ತಟ್ಟೆ ಹೊತ್ತುಕೊಂಡೇ ತಿರುಗಿ ಮನೆಗೆ ನಡೆದಳು, ಅವಳ ಹಿಂದೆ ಇನ್ನಿಬ್ಬರು. "ನನ್ ಮದುವೇಲಿ ಈವಮ್ಮನೇ ಅರಿಶಿನ ಹಚ್ಚಿದ್ದು" ಎಂದು ಯಾರೋ ಪಿಸುಗುಟ್ಟಿದರು. ಚಿಕ್ಕಬೈರಪ್ಪ ಕಲ್ಲನ್ನು ಒಮ್ಮೆ, ಮುದುಕಿಯನ್ನು ಒಮ್ಮೆ ನೋಡುತ್ತ, ಹಾದಿ ತಪ್ಪಿದವನ ಹಾಗೆ ನಿಂತಿದ್ದ.

ಪುಸ್ತಕ ಅಚ್ಚಾಯಿತೇ ಎಂದು ಕೇಳುವವರಿಗೆ: ಇಲ್ಲ. ಮರುದಿನ ಲಕ್ಕಣ್ಣ ಹಾಳೆಗಳನ್ನು ನನ್ನ ಕೋಣೆಯ ಮುಂದೆ ಎಸೆದುಹೋದ, ನಾನು ನೀರೊಲೆಗೆ ಹಾಕಿದೆ. ಮುಂದಿನ ವರ್ಷದಿಂದ ಸಾಕ್ಷಿ ಕೇಳುವುದು ನಿಂತಿತು. ಮದುವೆಮನೆಗೆ ಅವಳನ್ನು ಕರೆಯುವುದೂ ನಿಂತಿತು. ಅವೆಲ್ಲ ಆಮೇಲಿನ ಮಾತು. ಆ ಸಂಜೆ ಮುನಿವೆಂಕಟಮ್ಮ ಯಾರ ಕಡೆಗೂ ನೋಡದೆ ದೀಪಗಳ ಸಾಲು ದಾಟಿ ಹುಣಸೆ ಮರದ ಕಡೆಗೆ ನಡೆದಳು. ಬಿದ್ದಾಳೆಂದು ನಾನೂ ಹಿಂದೆ ಓಡಿದೆ.

ಸೊಣ್ಣಮ್ಮ ನಿಂತಲ್ಲೇ ಮರವಾಗಿದ್ದಳು. ಇಷ್ಟು ವರ್ಷ ಅಮ್ಮಾವ್ರೇ ಎನ್ನುತ್ತಿದ್ದವಳು ಮೊದಲ ಸಲ ಏಕವಚನಕ್ಕೆ ಇಳಿದಳು.

"ಸತ್ತೋದ್ಲಾ?"

"ಊಂ."

"ನನ್ನ ಬಿಟ್ಟು ಓಡೋಗ್ಲಿಲ್ವಾ? ನಿಜ ಏಳು. ಸತ್ತೋದ್ಲಾ?"

"ಸತ್ತೋದ್ಲು ಕಣೇ. ನಿನಗೆ ರೋಗ ತಗಲಬಾರ್ದು ಅಂತ ನಿನ್ ತಾವ ಬರ್ಲಿಲ್ಲ. ನೀನ್ ಕುಡೀಬೇಕಾದ ಆಲು ನಾನ್ ಕುಡ್ದೆ."

ಸೊಣ್ಣಮ್ಮ ಅವಳ ಎರಡೂ ತೋಳು ಹಿಡಿದುಕೊಂಡಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ನಾನು ತಡೆಯುತ್ತಿರಲಿಲ್ಲ.

"ನಮ್ಮವ್ವ ಎಂಗಿದ್ಲು? ಆಕೆ ಮೊಕ ನೋಡ್ದೋರು ಈ ಭೂಮಿ ಮ್ಯಾಲೆ ನೀನೊಬ್ಳೇ ಉಳಿದಿರೋದು. ಎಂಗಿದ್ಲು ಏಳು."

ಮುನಿವೆಂಕಟಮ್ಮ ಬಾಯಿ ತೆರೆದಳು. ಕಣ್ಣು ಮುಚ್ಚಿಕೊಂಡಳು. ಕಣ್ಣು ತೆರೆದಾಗ ಅವಳ ಮುಖದಲ್ಲಿದ್ದಂಥ ಹೆದರಿಕೆಯನ್ನು ನಾನು ಇವತ್ತಿನವರೆಗೂ ಬೇರೆ ಯಾರ ಮುಖದಲ್ಲೂ ನೋಡಿಲ್ಲ.

"ನೆಪ್ಪಾಯ್ತಾ ಇಲ್ಲ ಸೊಣ್ಣೀ. ಬಾವಿ ನೆಪ್ಪೈತೆ, ಬಿಸಿಲು ನೆಪ್ಪೈತೆ, ಆಕೆ ನಗು ಕಿವೀಲೈತೆ. ಮೊಕ ಬತ್ತಾ ಇಲ್ಲ. ಕಣ್ ಮುಚ್ಚಿದ್ರೆ ಆ ಕಲ್ಲೇ ಬತ್ತೈತೆ."

ಸೊಣ್ಣಮ್ಮ ಕೈ ಬಿಟ್ಟಳು. ನೆಲಕ್ಕೆ ಕುಸಿದು ಕೂತು, ಸಾವಿನ ಮನೆಯಲ್ಲಿ ಅಳುವ ಹಾಗೆ ಎದೆ ಬಡಿದುಕೊಂಡು "ನಮ್ಮವ್ವಾ" ಎಂದು ದನಿ ತೆಗೆದಳು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು, ಆಗ ತಾನೇ ಯಾರೋ ತೀರಿಕೊಂಡ ಹಾಗೆ, ಪಿಳ್ಳಮ್ಮನ ಹೆಸರು ಹಿಡಿದು ಅಳತೊಡಗಿದರು. ಮುನಿವೆಂಕಟಮ್ಮ ಸ್ವಲ್ಪ ದೂರದಲ್ಲಿ, ತನ್ನನ್ನು ಯಾರೂ ಕರೆಯದೆ, ನಿಂತೇ ಇದ್ದಳು.